ಆಧಾರದ ಮೇಲಿನ ದಿನಾಂಕ

ಜೀವಶಾಸ್ತ್ರದ ಪ್ರಾಜೆಕ್ಟ್‌ಗಳನ್ನು ತಿದ್ದುವಾಗ ‘ಹಾಸನದ ಹೃದಯಾಘಾತಗಳು’ ಎಂಬ ವಿಷಯ ಕಂಡಿತು. ಆಶ್ಚರ್ಯವೇನಿಲ್ಲ. 2025ರ ಮೇ ಕೊನೆಯಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೆಡೆ ಅದೇ ಮಾತು. ಎದೆ ಸ್ವಲ್ಪ ಚುಚ್ಚಿದರೂ ಜನ ಜಯದೇವ ಆಸ್ಪತ್ರೆಗೆ ಓಡುತ್ತಿದ್ದರು.

ಆ ಪ್ರಾಜೆಕ್ಟ್‌ನಲ್ಲಿ ‘ಕೋವಿಡ್ ಲಸಿಕೆಯೇ ಕಾರಣ’ ಎಂದು ಬರೆದಿತ್ತು. ಆಧಾರ, ಜುಲೈ ಮೊದಲ ವಾರದ ಪತ್ರಿಕೆಯ ತುಣುಕು. ಆ ವಾರ ಮುಖ್ಯಮಂತ್ರಿಗಳೇ ಲಸಿಕೆಯ ಬಗ್ಗೆ ಶಂಕೆ ವ್ಯಕ್ತಪಡಿಸಿದ್ದರು, ನಿಜ. ಆದರೆ ಶಂಕೆ ಉತ್ತರವಲ್ಲ. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯ ವರದಿ ಬಂದದ್ದು ಆಮೇಲೆ. ಅವರು ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದ 20ರಲ್ಲೂ ಖಚಿತವಾದವು 10, ಮಿಕ್ಕವು ಸಂಭವನೀಯ. ಜಿಲ್ಲೆಯಲ್ಲಿ ಇಂಥ ಸಾವುಗಳು ಅಸಹಜವಾಗಿ ಹೆಚ್ಚಿಲ್ಲ ಎಂಬುದು ಅವರ ತೀರ್ಮಾನ.

ಹಾಗೆಂದು ಹೊಸದೆಲ್ಲ ಸರಿ ಎನ್ನಲಾರೆ. ಐಸಿಎಂಆರ್ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಅಧ್ಯಯನ ನಡೆಸಿ, ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಎಂದು ಕಂಡುಕೊಂಡದ್ದು 2023ರಲ್ಲಿ. ಪತ್ರಿಕೆಯ ತುಣುಕಿಗಿಂತ ಅದು ಎರಡು ವರ್ಷ ಹಳೆಯದು, ಆದರೂ ಹೆಚ್ಚು ಗಟ್ಟಿ. ಕೇಳಬೇಕಾದದ್ದು ಇಷ್ಟು: ಇದನ್ನು ಪರೀಕ್ಷಿಸಿ ಹೇಳಿದ್ದಾರೆಯೇ? ಆಮೇಲೆ ಯಾರಾದರೂ ಮತ್ತೆ ಪರೀಕ್ಷಿಸಿದ್ದಾರೆಯೇ? ಯಾರಿಂದ ಯಾರಿಗೆ ಬಂದ ಮಾತು ಎಂದು ಇಸ್ನಾದ್ ನೋಡುವ ರೂಢಿ ನಮಗೆ ಹೊಸದಲ್ಲ. ವಿಜ್ಞಾನದಲ್ಲಿ ‘ಯಾವಾಗ’ ಎಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು.

ನಾನೂ ಎಡವಿದ್ದೇನೆ. ವಯಸ್ಸಾದವರು ದಿನಾ ಒಂದು ಆಸ್ಪಿರಿನ್ ನುಂಗಿದರೆ ಹೃದಯಾಘಾತ ತಡೆಯಬಹುದು ಎಂದು ಹಳೆಯ ಪುಸ್ತಕ ನಂಬಿ ಎಷ್ಟೋ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಹೃದ್ರೋಗವಿಲ್ಲದ ಸುಮಾರು 19,000 ಹಿರಿಯರ ಮೇಲೆ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ನಡೆದ ‘ಆಸ್ಪ್ರೀ’ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಾತ್ರೆಯಿಂದ ಅವರ ಹೃದಯಕ್ಕೆ ಹೇಳಿಕೊಳ್ಳುವ ಲಾಭವಾಗಿರಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಾಗಿತ್ತು. (ವೈದ್ಯರು ಬರೆದುಕೊಟ್ಟು ನುಂಗುತ್ತಿರುವವರು ಇದನ್ನೋದಿ ನಿಲ್ಲಿಸಬೇಡಿ, ಅವರ ವಿಷಯ ಬೇರೆ.)

ಆ ವಿದ್ಯಾರ್ಥಿನಿಯ ಮನೆಯಲ್ಲಿ ಲಸಿಕೆಯ ಭಯದಿಂದ, ತಮ್ಮನಿಗೆ ಶಾಲೆಯಲ್ಲಿ ಹಾಕುವ ಟಿಡಿ ಚುಚ್ಚುಮದ್ದನ್ನೂ ಬೇಡವೆಂದಿದ್ದರಂತೆ. ಅವಳು ಪ್ರಾಜೆಕ್ಟ್ ತಿದ್ದಿ ತಂದಳು. ತುಣುಕನ್ನು ಕಿತ್ತಿರಲಿಲ್ಲ. ಪಕ್ಕದಲ್ಲಿ ದಿನಾಂಕ ಬರೆದು, ಎದುರು ಪುಟದಲ್ಲಿ ಸಮಿತಿಯ ಅಂಕಿಗಳನ್ನು ಹಾಕಿದ್ದಳು. ಮನೆಯಲ್ಲಿ ಅಮ್ಮನಿಗೆ ಎರಡೂ ಪುಟ ಓದಿ ಹೇಳಿದೆ ಸರ್, ಎಂದಳು.