ಒಂದೇ ದ್ರಾವಣ ಎಲ್ಲಕ್ಕೂ ಒದಗದು

ಮುಂಬೈಯ ದಾದರಿನ ಹಿಂದ್‌ಮಾತಾದಲ್ಲಿ ರೇಷ್ಮೆ ಸೀರೆ ಕೊಂಡವರೇ ಸ್ಟೇಷನ್ ಬಳಿಯ ಪೇಟೆಯಲ್ಲಿ ಹಿತ್ತಾಳೆ ದೀಪವನ್ನೂ ಕೊಳ್ಳುತ್ತಾರೆ. ಎರಡನ್ನೂ ಶುಚಿಯಾಗಿಡುವ ಮಾತು ಬಂದಾಗ ನಮ್ಮಲ್ಲಿ ಬೇರೂರಿದ ಒಂದು ನಂಬಿಕೆ ತಲೆಯೆತ್ತುತ್ತದೆ. ಹೆಚ್ಚು ನೊರೆ ಬರುವ, ಘಾಟು ಹೊಡೆಯುವ, ಕೈ ಉರಿಸುವ ದ್ರಾವಣವೇ ಚೆನ್ನಾಗಿ ತೊಳೆಯುತ್ತದೆ, ಅಂಥದ್ದೊಂದು ಮನೆಯಲ್ಲಿದ್ದರೆ ಬಟ್ಟೆ, ಪಾತ್ರೆ, ನೆಲ ಎಲ್ಲಕ್ಕೂ ಸಾಕು ಎಂಬ ನಂಬಿಕೆ ಅದು. ಇದು ತಪ್ಪು. ಶುಚಿಕಾರಕವನ್ನು ರೂಪಿಸುವ ರಸಾಯನಜ್ಞರು ಮೊದಲು ನೋಡುವುದು ಕೊಳೆ ಯಾವುದು, ಅದರ ಕೆಳಗಿರುವ ವಸ್ತು ಯಾವುದು ಎಂಬುದನ್ನು. ಎಷ್ಟು ತೀಕ್ಷ್ಣವಾಗಿರಬೇಕು ಎಂಬುದು ಆಮೇಲಿನ ಪ್ರಶ್ನೆ.

ಬಟ್ಟೆಯ ಕೊಳೆ ಹೊರಗಿನಿಂದ ಬಂದದ್ದು: ಎಣ್ಣೆ, ಬೆವರು, ಧೂಳು, ಅರಿಶಿನ. ಲೋಹದ ಕಲೆ ಬಹುಪಾಲು ಆ ಲೋಹದ್ದೇ. ಅರಬ್ಬೀ ಸಮುದ್ರದ ಮಗ್ಗುಲಿನ ದಾದರಿನಲ್ಲಿ ಗಾಳಿ ಸದಾ ತೇವ, ಉಪ್ಪು. ಅಲ್ಲಿ ಹಿತ್ತಾಳೆ ಬೇಗ ಮಂಕಾಗುತ್ತದೆ, ಏಕೆಂದರೆ ಮೇಲ್ಮೈಯ ತಾಮ್ರ ಆಮ್ಲಜನಕ ಮತ್ತು ಗಂಧಕದ ಅನಿಲಗಳೊಡನೆ ಸೇರಿ ಕಪ್ಪು ಪದರವಾಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ಆ ಪದರವನ್ನು ಕರಗಿಸುತ್ತದೆ. ಜೊತೆಗೆ ಹಾಕುವ ಉಪ್ಪಿನ ಕ್ಲೋರೈಡ್ ಕೆಲಸವನ್ನು ಚುರುಕುಗೊಳಿಸುತ್ತದೆ. ಅಂದರೆ ದೀಪ ಹೊಳೆದಾಗಲೆಲ್ಲ ಸ್ವಲ್ಪ ತಾಮ್ರ ನೀರಿನ ಜೊತೆ ಹರಿದುಹೋಗಿರುತ್ತದೆ. ಹುಣಸೆನೀರಿನಲ್ಲಿ ರಾತ್ರಿಯಿಡೀ ನೆನೆಸಿದ ಹಿತ್ತಾಳೆ ಕೆಂಪಾಗುವುದೂ ಲೋಹ ಹೀಗೆ ಕರಗುವುದರಿಂದಲೇ. ಹಿತ್ತಾಳೆಯಲ್ಲಿರುವ ಸತು ಮೇಲ್ಮೈಯಲ್ಲಿ ಕಡಿಮೆಯಾಗಿ ತಾಮ್ರ ಎದ್ದು ಕಾಣುತ್ತದೆ. ಅದನ್ನು ಕೊಳೆ ಎಂದು ತಿಳಿದು ಮತ್ತಷ್ಟು ಹುಣಸೆ ಹಚ್ಚಿದರೆ ಹಾನಿ ಇನ್ನೂ ಆಳಕ್ಕಿಳಿಯುತ್ತದೆ. ಬೆಳ್ಳಿಯ ಕಪ್ಪು ಬೆಳ್ಳಿಯ ಸಲ್ಫೈಡ್. ಪುಡಿ ಹಾಕಿ ಉಜ್ಜಿದರೆ ಅದರೊಂದಿಗೆ ಬೆಳ್ಳಿಯೂ ಹೋಗುತ್ತದೆ. ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ಅಲ್ಯುಮಿನಿಯಂ ಹಾಳೆಗೆ ತಾಗಿಸಿಟ್ಟರೆ ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಉಜ್ಜುವಿಕೆಯೂ ಇಲ್ಲ, ನೊರೆಯೂ ಇಲ್ಲ.

ಬಟ್ಟೆಯ ವಿಷಯಕ್ಕೆ ದಾದರ್ ಒಳ್ಳೆಯ ಸಾಕ್ಷಿ. ಕೊಹಿನೂರ್, ಗೋಲ್ಡ್ ಮೊಹರ್‌ನಂಥ ಹತ್ತಿ ಗಿರಣಿಗಳಿದ್ದ ನೆಲ ಅದು. 1933ರಲ್ಲಿ ಜವಳಿ ರಸಾಯನಶಾಸ್ತ್ರವನ್ನೂ ಕಲಿಸಲು ಶುರುವಾದ ಮುಂಬೈ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ, ಇಂದಿನ ಐಸಿಟಿ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ), ಪಕ್ಕದ ಮಾಟುಂಗಾದಲ್ಲಿದೆ. ಬಿಳುಪಿಸುವ ಮುನ್ನ ಹತ್ತಿ ಬಟ್ಟೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸುವುದು ಹತ್ತಿ ಉದ್ಯಮದ ನಿತ್ಯದ ಕೆಲಸ. ಹತ್ತಿ ಸೆಲ್ಯುಲೋಸ್, ಕ್ಷಾರವನ್ನು ತಾಳುತ್ತದೆ. ಉಣ್ಣೆ, ರೇಷ್ಮೆ ಪ್ರೋಟೀನುಗಳು. ಶೇ. 5ರ ಕುದಿಯುವ ಕಾಸ್ಟಿಕ್ ಸೋಡಾದಲ್ಲಿ ಉಣ್ಣೆ ಕರಗಿಯೇ ಹೋಗುತ್ತದೆ, ಕ್ಲೋರಿನ್ ಬ್ಲೀಚ್ ರೇಷ್ಮೆಯನ್ನು ಕರಗಿಸುತ್ತದೆ. ಆಮ್ಲದ ವಿಷಯದಲ್ಲಿ ಲೆಕ್ಕ ತಲೆಕೆಳಗು. ಅದಕ್ಕೆ ಮೊದಲು ಸೋಲುವುದು ಹತ್ತಿ. ಆದ್ದರಿಂದ ತೀಕ್ಷ್ಣತೆಗೆ ತನ್ನದೇ ಆದ ಗುಣವಿಲ್ಲ. ಒಂದು ನೂಲಿಗೆ ಹಿತವಾದದ್ದು ಇನ್ನೊಂದಕ್ಕೆ ವಿಷ.

ಇದನ್ನು ನಮ್ಮ ಸೀರೆಗಳಿಗಿಂತ ಸ್ಪಷ್ಟವಾಗಿ ಬೇರಾವುದೂ ತೋರಿಸದು. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿಗೆ ಒಗ್ಗುವ ಬಟ್ಟೆಸೋಡಾ ಸೆರಗಿನ ಹೊಳಪನ್ನು ತಿನ್ನುತ್ತದೆ. ಮೈಸೂರು ಸಿಲ್ಕ್‌ನ ಜರಿಯಲ್ಲಿ ಬೆಳ್ಳಿ ಇದೆ, ಅದರ ಮೇಲೆ ತೆಳ್ಳನೆಯ ಚಿನ್ನದ ಲೇಪ. ಲೋಹ ಮತ್ತು ಪ್ರೋಟೀನು ಒಂದೇ ನೇಯ್ಗೆಯಲ್ಲಿ ಕೂಡಿದಾಗ ಜರಿ ಕಪ್ಪಾಯಿತೆಂದು ಲೋಹದ ಪಾಲಿಷ್ ಹಚ್ಚುವಂತಿಲ್ಲ, ರೇಷ್ಮೆಗೆ ಕಲೆಯಾಯಿತೆಂದು ಬ್ಲೀಚ್ ಮುಟ್ಟಿಸುವಂತಿಲ್ಲ. ಅಲ್ಲಿ ಅತ್ಯಂತ ದುರ್ಬಲವಾದ ಎಳೆ ಯಾವುದೋ ಅದೇ ದ್ರಾವಣವನ್ನು ನಿರ್ಧರಿಸಬೇಕು.

ಇನ್ನು ನೊರೆ. ಎಣ್ಣೆಯನ್ನು ಬಿಡಿಸುವುದು ಮಾರ್ಜಕದ ಅಣುಗಳು, ಗಾಳಿಗುಳ್ಳೆಗಳಲ್ಲ. ಮುಂಭಾಗದ ಬಾಗಿಲಿನ ವಾಷಿಂಗ್ ಮಷಿನ್‌ಗೆಂದು ಕಡಿಮೆ ನೊರೆಯ ಪುಡಿಯನ್ನೇ ತಯಾರಿಸುತ್ತಾರೆ, ಏಕೆಂದರೆ ಅತಿ ನೊರೆ ಬಟ್ಟೆಗಳ ಹೊರಳಾಟವನ್ನು ತಡೆಯುತ್ತದೆ. ನೊರೆ ನೀರಿನ ಸುದ್ದಿಯನ್ನೂ ಹೇಳುತ್ತದೆ. ಮುಂಬೈಗೆ ನೀರುಣಿಸುವ ತಾನ್ಸಾ, ಭಾತ್ಸಾ ಕೆರೆಗಳ ಮೃದು ನೀರಿನಲ್ಲಿ ಧಾರಾಳವಾಗಿ ನೊರೆಯುಕ್ಕಿಸುವ ಸಾಬೂನು ಕೋಲಾರದ ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಸೇರಿ ಜಿಡ್ಡುಗಟ್ಟುತ್ತದೆ. ತಪ್ಪು ಸಾಬೂನಿನದಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ, ಎರಡರಲ್ಲೂ ಹುರುಳಿದೆ. ಪಾತ್ರೆ ತೊಳೆಯುವ ದ್ರವ ಗಾಜು, ಸ್ಟೀಲು, ಪ್ಲಾಸ್ಟಿಕ್ ಎಲ್ಲಕ್ಕೂ ಒದಗುತ್ತದಲ್ಲ ಎಂಬುದು ಮೊದಲನೆಯದು. ಒದಗುತ್ತದೆ, ಅದು ಸೌಮ್ಯವಾಗಿರುವುದರಿಂದ! ಅದು ಬಹುಮಟ್ಟಿಗೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ, ಜಿಡ್ಡನ್ನಷ್ಟೇ ಬಿಡಿಸುತ್ತದೆ. ತಾಮ್ರದ ಕಪ್ಪನ್ನು ಅದು ಅಲುಗಾಡಿಸದು. ಎರಡನೆಯದು ಅಜ್ಜಿಯರ ಕಾಲದ್ದು: ಹುಣಸೆ, ಬೂದಿ, ಸೀಗೆ, ಅಂಟುವಾಳ ತಲೆಮಾರುಗಳಿಂದ ಬಂದಿವೆ, ನೈಸರ್ಗಿಕವಾದದ್ದು ನಿರಪಾಯಕಾರಿ, ಕೇಡು ಮಾಡುವುದು ಕೆಮಿಕಲ್. ಆ ಹೆಂಗಸರ ಜ್ಞಾನ ನಿಜವಾದದ್ದೇ. ಆದರೆ ಹುಣಸೆಯದು ಆಮ್ಲ, ಬೂದಿಯದು ಪೊಟ್ಯಾಸಿಯಂ ಕಾರ್ಬೊನೇಟಿನ ಕ್ಷಾರ, ಅಂಟುವಾಳದ್ದು ಸಪೋನಿನ್ ಎಂಬ ಸಾಬೂನಿನಂಥ ವಸ್ತು. ಅವರು ಹಿತ್ತಾಳೆಗೆ ಹುಣಸೆ, ಜಿಡ್ಡಿಗೆ ಬೂದಿ, ರೇಷ್ಮೆಗೆ ಅಂಟುವಾಳ ಎಂದು ಆರಿಸಿದ್ದರು. ಹುಣಸೆ ಹಚ್ಚಿದೊಡನೆ ತೊಳೆದು ಒರೆಸುತ್ತಿದ್ದರು. ಆ ಆಯ್ಕೆ, ಆ ಅವಸರ ಎರಡೂ ರಸಾಯನಶಾಸ್ತ್ರವೇ. ಅದನ್ನು ಬಿಟ್ಟು ವಸ್ತುವನ್ನು ಮಾತ್ರ ಉಳಿಸಿಕೊಂಡರೆ ಪರಂಪರೆಯ ಅರ್ಧ ಕೈಬಿಟ್ಟಂತೆ. ಅರಿಶಿನದ ಕಲೆಯೂ ಇಂಥದ್ದೇ ಪಾಠ. ಸಾಬೂನು ಹಚ್ಚಿದಾಗ ಅದು ಕೆಂಪಾದರೆ ಬಟ್ಟೆ ಹಾಳಾಯಿತೆಂದು ಜನ ಗಾಬರಿಯಾಗುತ್ತಾರೆ. ಕ್ಷಾರದಲ್ಲಿ ಅರಿಶಿನದ ಕರ್ಕ್ಯುಮಿನ್ ಬಣ್ಣ ಬದಲಿಸುವುದಷ್ಟೇ ನಡೆದಿರುತ್ತದೆ. ಜಾಲಿಸಿ ಬಿಸಿಲಿಗೆ ಹಾಕಿದರೆ ಬೆಳಕೇ ಆ ಕಲೆಯನ್ನು ಮಸುಕಾಗಿಸುತ್ತದೆ, ಹತ್ತಿ ಬಟ್ಟೆಗೆ ಬೇರೆ ಮದ್ದು ಅಷ್ಟಾಗಿ ಬೇಕಿಲ್ಲ.

ತೀಕ್ಷ್ಣತೆಯ ನಂಬಿಕೆ ಬಟ್ಟೆ, ಪಾತ್ರೆ ಕೆಡಿಸುವುದರಲ್ಲೇ ನಿಂತಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಎರಡು ಸೇರಿದರೆ ಬಲ ಇಮ್ಮಡಿ ಎಂದುಕೊಂಡು ಜನ ಬೆರೆಸುತ್ತಾರೆ. ವಿನೆಗರ್‌ಗೆ ಅಡುಗೆ ಸೋಡಾ ಹಾಕಿದರೆ ಬುರುಗು ಏಳುತ್ತದೆ, ಆದರೆ ಆಮ್ಲ, ಕ್ಷಾರ ಒಂದನ್ನೊಂದು ತಣಿಸಿ ಕೊನೆಗೆ ಉಳಿಯುವುದು ಬಹುತೇಕ ಲವಣ ಕರಗಿದ ನೀರು. ಬ್ಲೀಚ್‌ಗೆ ಆಮ್ಲ ಬೆರೆತರೆ ಹಾಗಲ್ಲ, ಕ್ಲೋರಿನ್ ಅನಿಲ ಹೊರಡುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಯುದ್ಧಭೂಮಿಯಲ್ಲಿ ಸೈನಿಕರನ್ನು ಕೊಂದದ್ದು ಇದೇ ಅನಿಲ. ಕಿಟಕಿ ಚಿಕ್ಕದಿರುವ ಮುಂಬೈ ಬಚ್ಚಲುಗಳಲ್ಲಿ ಅದಕ್ಕೆ ಹೊರಹೋಗಲು ದಾರಿಯೇ ಇರುವುದಿಲ್ಲ. ಶೌಚಾಲಯ ತೊಳೆಯುವ ಆಮ್ಲವನ್ನೂ ಬ್ಲೀಚನ್ನೂ ಒಟ್ಟಿಗೆ ಸುರಿಯಬೇಡಿ, ಒಂದರ ಬೆನ್ನಿಗೆ ಇನ್ನೊಂದನ್ನೂ ಹಾಕಬೇಡಿ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ, ಆ ಗಾಳಿಯನ್ನು ಮೊದಲು ಉಸಿರಾಡುವವರು ಅವರೇ.