ತಿಗರಿ ಕೊಳ್ಳುವ ಮುನ್ನ: ಮನೆಯಲ್ಲಿ ಮಣ್ಣಿನ ಕೆಲಸ ಕಲಿಯುವ ಬಗೆ

ಜ್ಯೇಷ್ಠದ ಹುಣ್ಣಿಮೆ ಸಮೀಪಿಸಿದಾಗ ಸಾಂಗಲಿ, ಮಿರಜ ಪೇಟೆಗಳಲ್ಲಿ ಮಣ್ಣಿನ ಎತ್ತುಗಳು ಮಾರಾಟಕ್ಕೆ ಬರುತ್ತವೆ. ನಾವು ಕಾರಹುಣ್ಣಿಮೆ ಎನ್ನುವ ಆ ದಿನವನ್ನು ಮರಾಠಿ ನೆರೆಹೊರೆಯವರು ‘ಕರ್ನಾಟಕಿ ಬೇಂದೂರ’ ಎಂದು ಕರೆಯುತ್ತಾರೆ. ಅವರ ಬೇಂದೂರ ಆಷಾಢದಲ್ಲಿ. ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ ಮತ್ತು ಜೋಕುಮಾರ, ದೀಪಾವಳಿಗೆ ಪಣತಿ. ಕನ್ನಡ ಮನೆಯ ವರ್ಷದಲ್ಲಿ ಮಣ್ಣಿಗೆ ಇಷ್ಟೊಂದು ಸ್ಥಾನವಿದೆ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಈಗ ನಾವು ಕೊಂಡು ತರುತ್ತೇವೆ. ಮಕ್ಕಳ ಕೈಗೆ ಹಸಿಮಣ್ಣು ಸಿಗುವುದು ಅಪರೂಪವಾಗಿದೆ.

ಇನ್ನೊಂದೆಡೆ, ಕುಂಬಾರಿಕೆಯು ನಗರಗಳಲ್ಲಿ ಮನೆಯ ಹವ್ಯಾಸವಾಗಿ ಮರಳಿ ಬರುತ್ತಿದೆ. ಮೊಬೈಲಿನಲ್ಲಿ ತಿರುಗುವ ಚಕ್ರವನ್ನು ಕಂಡ ಮಗು ಮೊದಲು ಕೇಳುವುದು ಆ ಚಕ್ರವನ್ನೇ. ಪಾಲಕರಿಗೆ ನಾವು ಹೇಳಬಯಸುವುದು ಇಷ್ಟು: ತಿಗರಿಯನ್ನು ಕಡೆಗೆ ಕೊಳ್ಳಬಹುದು, ಕೊಳ್ಳದೆಯೂ ಇರಬಹುದು. ಮಡಕೆ ಉಳಿಯುವುದೋ ಒಡೆಯುವುದೋ ಎಂಬುದು ಮಣ್ಣಿನ ಹದ, ಒಣಗುವ ರೀತಿ ಮತ್ತು ಬೆಂಕಿ ಎಂಬ ಮೂರರಲ್ಲಿ ತೀರ್ಮಾನವಾಗುತ್ತದೆ. ಮೊದಲ ಎರಡನ್ನು ಮನೆಯಲ್ಲಿಯೇ ಕಲಿಯಬಹುದು. ಮೂರನೆಯದಕ್ಕೆ ಊರ ಕುಂಬಾರರೇ ಗುರು.

ನಮ್ಮ ನೆಲದ ಮಣ್ಣು

ಸಾಂಗಲಿ ಜಿಲ್ಲೆಯ ನೆಲ ಬಹುಮಟ್ಟಿಗೆ ದಖ್ಖಣದ ಕರಿಶಿಲೆಯಾದ ಬಸಾಲ್ಟ್ ಸವೆದು ಆದದ್ದು. ಕೃಷ್ಣಾ ತೀರದಲ್ಲಿ ಅದು ಆಳವಾದ ಎರೆಮಣ್ಣು. ಜತ್ತದ ಕಡೆಗೆ ಹೋದಂತೆ ತೆಳುವಾಗಿ ಮರಡಿಯಾಗುತ್ತದೆ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಹೆಚ್ಚು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದನ್ನು ಒಕ್ಕಲು ಮನೆಯ ಮಕ್ಕಳೆಲ್ಲ ಕಂಡಿದ್ದಾರೆ. ಹೊಲದಲ್ಲಿ ಆಗುವುದೇ ಮಡಕೆಯಲ್ಲಿಯೂ ಆಗುತ್ತದೆ. ಆದ್ದರಿಂದ ಬರಿಯ ಎರೆಯಿಂದ ಮಾಡಿದ ಪಾತ್ರೆ ಒಣಗುವಾಗಲೇ ಸೀಳುತ್ತದೆ. ಕುಂಬಾರರು ಕೆರೆ ಅಥವಾ ಹೊಳೆಯ ಜೇಡಿಗೆ ನಯವಾದ ಮರಳು, ಬೂದಿ, ಕುದುರೆ ಅಥವಾ ಕತ್ತೆಯ ಲದ್ದಿಯನ್ನು ಬೆರೆಸುವುದು ಇದಕ್ಕಾಗಿಯೇ. ಲದ್ದಿಯ ನಾರು ಹಸಿಮಣ್ಣನ್ನು ಹಿಡಿದಿಡುತ್ತದೆ. ಬೆಂಕಿಯಲ್ಲಿ ಉರಿದು ಹೋಗಿ ಸಣ್ಣ ರಂಧ್ರಗಳನ್ನು ಉಳಿಸುತ್ತದೆ. ಮನೆಯಲ್ಲಿ ಮಕ್ಕಳ ಕೆಲಸಕ್ಕೆ ಜರಡಿ ಹಿಡಿದ ಮರಳು ಅಥವಾ ಹಳೆಯ ಹಂಚನ್ನು ಕುಟ್ಟಿದ ಪುಡಿ ಸಾಕು.

ಎರೆಯ ಇನ್ನೊಂದು ತೊಡಕು ಸುಣ್ಣದ ಹರಳು. ಮಡಕೆಯ ಗೋಡೆಯಲ್ಲಿ ಸಾಸಿವೆಯಷ್ಟು ಹರಳು ಉಳಿದರೂ, ಸುಮಾರು 800ರಿಂದ 900 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವವನ್ನು ಹೀರಿ ಉಬ್ಬಿ, ದಿನಗಳ ನಂತರ ಮಡಕೆಯ ಮೈಯಿಂದ ಚಕ್ಕೆ ಹಾರಿಸುತ್ತದೆ. ಚೆನ್ನಾಗಿ ಬೆಂದ ಮಡಕೆಯೂ ಹೀಗೆ ಹಾಳಾಗುವುದುಂಟು.

ಮಣ್ಣನ್ನು ಆರಿಸಲು ಮಕ್ಕಳೇ ಮಾಡಬಹುದಾದ ಪರೀಕ್ಷೆಗಳು ಮೂರು. ಮೊದಲನೆಯದು, ಹಸಿಮಣ್ಣನ್ನು ಪೆನ್ಸಿಲಿನಷ್ಟು ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತುವುದು: ಬಿರಿಯದಿದ್ದರೆ ಜಿಗುಟು ಸಾಕಷ್ಟಿದೆ. ಎರಡನೆಯದು, ಮಣ್ಣಿನ ಬಿಲ್ಲೆಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಪೂರ್ತಿ ಒಣಗಿದ ಮೇಲೆ ಅಳೆಯುವುದು: 9 ಸೆಂಟಿಮೀಟರ್ ಆಗಿದ್ದರೆ ಶೇಕಡಾ 10ರಷ್ಟು ಕುಗ್ಗಿದೆ. ಅದಕ್ಕಿಂತ ಹೆಚ್ಚು ಕುಗ್ಗುವ ಮಣ್ಣಿಗೆ ಮರಳು ಬೇಕು. ಮೂರನೆಯದು, ಒಣಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡುವುದು: ನೊರೆಯೆದ್ದರೆ ಸುಣ್ಣವಿದೆಯೆಂದು ತಿಳಿಯಬೇಕು. ಗಣಿತ, ವಿಜ್ಞಾನ ಎರಡೂ ಇಲ್ಲಿವೆ.

ಒಂದು ಎಚ್ಚರಿಕೆ. 2019 ಮತ್ತು 2021ರ ಮಹಾಪೂರಗಳು ಕೃಷ್ಣೆಯ ದಂಡೆಯಲ್ಲಿ ಮೆಕ್ಕಲು ತಂದು ಹಾಕಿದ್ದನ್ನು ನಾವೆಲ್ಲ ಕಂಡಿದ್ದೇವೆ. ಊರೊಳಗಿನ ಪೂರದ ಮಣ್ಣಿನಲ್ಲಿ ಚರಂಡಿಯ ಹೊಲಸೂ ಬೆರೆತಿರುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಬಾರದು.

ಹದ ಮಾಡುವುದು

ತಂದ ಮಣ್ಣನ್ನು ಹಸಿಯಿರುವಾಗಲೇ ನೀರಿಗೆ ಹಾಕುವುದು ವಾಡಿಕೆಯ ತಪ್ಪು. ಪೂರ್ತಿ ಒಣಗಿಸಿ, ಸಣ್ಣಗೆ ಒಡೆದು ನೆನೆಯಿಟ್ಟರೆ ಅದು ಬೇಗ ಕರಗುತ್ತದೆ. ಕರಗಿದ ರಾಡಿಯನ್ನು ಹಿಟ್ಟಿನ ಜರಡಿಯಿಂದ ಸೋಸಿದರೆ ಬೇರು, ಕಲ್ಲು, ಸುಣ್ಣದ ಹರಳು ಮೇಲೆ ಉಳಿಯುತ್ತವೆ. ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಸಿದು, ಕೆಳಗಿನ ಜೇಡಿಯನ್ನು ಹಳೆಯ ಬಟ್ಟೆ ಹಾಸಿದ ಇಟ್ಟಿಗೆಗಳ ಮೇಲೆ ಹರಡಬೇಕು. ಇಟ್ಟಿಗೆ ನೀರನ್ನು ಹೀರುತ್ತದೆ.

ರೊಟ್ಟಿಯ ಹಿಟ್ಟಿನ ಹದಕ್ಕೆ ಬಂದ ಮಣ್ಣನ್ನು ಚೆನ್ನಾಗಿ ನಾದಬೇಕು. ಕುಂಬಾರರು ಕಾಲಿನಿಂದ ತುಳಿಯುತ್ತಾರೆ; ಮನೆಯಲ್ಲಿ ಕೈ ಸಾಕು. ಮುದ್ದೆಯನ್ನು ದಾರದಿಂದ ನಡುವೆ ಕತ್ತರಿಸಿ ನೋಡಿದಾಗ ಒಳಗೆ ಗುಳ್ಳೆಯಾಗಲಿ, ಗಂಟಾಗಲಿ ಕಾಣದಿದ್ದರೆ ಹದ ಬಂದಂತೆ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ವಾರ ಇಟ್ಟರೆ ಮಣ್ಣು ಇನ್ನೂ ಮೃದುವಾಗುತ್ತದೆ.

ಒಣಮಣ್ಣಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೆಲಸದ ಜಾಗವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೈತೊಳೆದ ರಾಡಿ ನೀರನ್ನು ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಿಸಿ ಗಿಡಕ್ಕೆ ಹಾಕುವುದು ಲೇಸು.

ಅಡುಗೆಮನೆಯ ಸಲಕರಣೆ, ಕೈಯ ನಾಲ್ಕು ಬಗೆ

ಲಟ್ಟಣಿಗೆ, ಚಮಚ, ಹಳೆಯ ಬಾಚಣಿಗೆ, ಗಟ್ಟಿ ದಾರ, ಸ್ಪಂಜಿನ ತುಂಡು, ನುಣುಪಾದ ಹೊಳೆಗಲ್ಲು, ಒಂದೇ ದಪ್ಪದ ಎರಡು ಮರದ ಪಟ್ಟಿ. ಆರಂಭಕ್ಕೆ ಇಷ್ಟೇ ಬೇಕು.

ಮೊದಲನೆಯ ಬಗೆ ಚಿವುಟಿ ಎತ್ತುವುದು. ಅಂಗೈಯಲ್ಲಿ ಹಿಡಿಸುವ ಉಂಡೆಗೆ ಹೆಬ್ಬೆರಳಿಳಿಸಿ, ತಳದಲ್ಲಿ ಬೆರಳಿನಷ್ಟು ದಪ್ಪ ಉಳಿಸಿ, ಉಂಡೆಯನ್ನು ತಿರುಗಿಸುತ್ತ ಗೋಡೆಯನ್ನು ಒತ್ತುತ್ತ ಹೋಗಬೇಕು. ಪಣತಿ, ಬಟ್ಟಲು ಹೀಗೆ ಆಗುತ್ತವೆ.

ಎರಡನೆಯದು ಸುರುಳಿ ಕಟ್ಟುವುದು. ಹೊಸೆದ ಮಣ್ಣಿನ ಹುರಿಯನ್ನು ಸುತ್ತಾಗಿ ಒಂದರ ಮೇಲೊಂದು ಏರಿಸಿ, ಒಳಹೊರಗೆ ತಿಕ್ಕಿ ಕೂಡಿಸಬೇಕು. ಎಷ್ಟು ದೊಡ್ಡ ಪಾತ್ರೆಯನ್ನಾದರೂ ಹೀಗೆ ಎತ್ತಬಹುದು. ಎರಡು ಭಾಗ ಸೇರುವಲ್ಲೆಲ್ಲ ಬಾಚಣಿಗೆಯಿಂದ ಗೀರು ಹಾಕಿ ರಾಡಿ ಸವರಬೇಕು. ನುಣುಪು ಮೈಗೆ ನುಣುಪು ಮೈ ಹಚ್ಚಿದರೆ ಒಣಗಿದಾಗ ಕಳಚಿ ಬೀಳುತ್ತದೆ. ಮಣ್ಣೆತ್ತಿನ ಕೋಡು, ಗಣಪ್ಪನ ಸೊಂಡಿಲು ಮುರಿಯುವುದಕ್ಕೆ ಬಹುತೇಕ ಇದೇ ಕಾರಣ.

ಮೂರನೆಯದು ಹಾಳೆ. ಎರಡು ಮರದ ಪಟ್ಟಿಗಳ ನಡುವೆ ಬಟ್ಟೆಯ ಮೇಲೆ ಮಣ್ಣಿಟ್ಟು ಲಟ್ಟಿಸಿದರೆ ಒಂದೇ ದಪ್ಪದ ಹಾಳೆ ಬರುತ್ತದೆ. ಅದರಿಂದ ಪೆನ್ನಿನ ಡಬ್ಬಿ, ಕನ್ನಡ ಅಕ್ಷರ ಕೆತ್ತಿದ ಬಿಲ್ಲೆ ಮಾಡಬಹುದು.

ನಾಲ್ಕನೆಯದು ಅಚ್ಚು. ಬಟ್ಟಲಿಗೆ ತೆಳುಬಟ್ಟೆ ಹಾಸಿ, ಒಳಮೈಗೆ ಮಣ್ಣು ಒತ್ತಬೇಕು. ಒಣಗುತ್ತ ಕುಗ್ಗಿದ ಮಣ್ಣು ತಾನಾಗಿ ಅಚ್ಚನ್ನು ಬಿಡುತ್ತದೆ. ಬಟ್ಟಲಿನ ಹೊರಮೈಗೆ ಒತ್ತಿ ಹಾಗೆಯೇ ಬಿಟ್ಟರೆ, ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ.

ತಿಗರಿ ಮತ್ತು ಹಲಗೆ

ತಿಗರಿಯ ಗುಟ್ಟು ಅದರ ಭಾರದಲ್ಲಿದೆ. ಕೋಲಿನಿಂದ ಒಮ್ಮೆ ರಭಸವಾಗಿ ತಿರುಗಿಸಿದರೆ, ಭಾರವಾದ ಅಂಚು ಆ ವೇಗವನ್ನು ಹಿಡಿದಿಟ್ಟು, ಕುಂಬಾರನ ಎರಡೂ ಕೈಗಳನ್ನು ಕೆಲಸಕ್ಕೆ ಬಿಡುತ್ತದೆ. ಕಲಿಯುವವನಿಗೆ ಕಠಿಣವಾದುದು ಮುದ್ದೆಯನ್ನು ನಟ್ಟನಡುವೆ ನಿಲ್ಲಿಸುವುದು. ಅದು ಆಗುವವರೆಗೆ ಬೇರೇನೂ ಆಗದು. ವಿದ್ಯುತ್ ತಿಗರಿ ತಿರುಗಿಸುವ ಶ್ರಮವನ್ನು ಉಳಿಸುತ್ತದೆ. ಈ ಅಭ್ಯಾಸವನ್ನು ಉಳಿಸುವುದಿಲ್ಲ.

ನೀರಿನ ಕೊಡ, ಅಡುಗೆಯ ಗಡಿಗೆಗಳ ಮಟ್ಟಿಗೆ ತಿಗರಿ ಅರ್ಧ ಕೆಲಸ ಮಾತ್ರ. ತಿಗರಿಯಿಂದ ಇಳಿಯುವಾಗ ಅವುಗಳ ಕೆಳಭಾಗ ದಪ್ಪ. ಅರ್ಧ ಒಣಗಿದ ಮೇಲೆ, ಒಳಗಿನಿಂದ ಕಲ್ಲಿನ ಅಥವಾ ಸುಟ್ಟ ಮಣ್ಣಿನ ಗುಂಡನ್ನು ಆನಿಸಿ, ಹೊರಗಿನಿಂದ ಮರದ ಹಲಗೆಯಿಂದ ತಟ್ಟುತ್ತ ತಟ್ಟುತ್ತ ಗೋಡೆಯನ್ನು ತೆಳುಗೊಳಿಸಿ ತಳವನ್ನು ದುಂಡಾಗಿಸುತ್ತಾರೆ. ದುಂಡುತಳಕ್ಕೆ ಮೂಲೆಯಿಲ್ಲ, ಒಲೆಯ ಮೇಲೆ ಕಾವು ಸಮನಾಗಿ ಹರಡುತ್ತದೆ, ತಳ ಸೀಳುವ ಭಯ ಕಡಿಮೆ. ನೆಲದಲ್ಲಿ ನಿಲ್ಲಿಸಲು ಸಿಂಬಿ ಇದ್ದೇ ಇದೆ. ಈ ತಟ್ಟುವ ವಿದ್ಯೆಯನ್ನು ಯಂತ್ರದ ಜೊತೆಗೆ ಕೊಳ್ಳಲಾಗದು. ಬಲ್ಲವರ ಪಕ್ಕದಲ್ಲಿ ಕುಳಿತು, ಕಿವಿಯಿಂದಲೂ ಕೈಯಿಂದಲೂ ಕಲಿಯಬೇಕು.

ಒಣಗಿಸುವ ತಾಳ್ಮೆ

ಮಡಕೆಯ ಬಾಯಿ ಮೊದಲು ಒಣಗುತ್ತದೆ, ತಳ ಕಡೆಗೆ. ಬಾಯಿ ಕುಗ್ಗಿ ತಳ ಕುಗ್ಗದಿದ್ದರೆ ನಡುವೆ ಬಿರುಕು ಬೀಳುತ್ತದೆ. ಆದ್ದರಿಂದ ಬಿಸಿಲಿಗೂ ಫ್ಯಾನಿನ ಗಾಳಿಗೂ ಇಡದೆ, ನೆರಳಿನಲ್ಲಿ, ಬಾಯಿಗೆ ಒದ್ದೆ ಬಟ್ಟೆ ಹೊದಿಸಿ ನಿಧಾನವಾಗಿ ಒಣಗಿಸಬೇಕು. ಅರೆಒಣಗಿದ ಹೊತ್ತಿನಲ್ಲಿ ಹೊಳೆಗಲ್ಲಿನಿಂದ ತಿಕ್ಕಿದರೆ ಬಣ್ಣವಿಲ್ಲದೆಯೇ ಹೊಳಪು ಬರುತ್ತದೆ. ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಪಾತ್ರೆಯನ್ನು ಕೆನ್ನೆಗೆ ತಾಗಿಸಬೇಕು. ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ.

ಬೆಂಕಿಯಲ್ಲಿ ಮಡಕೆ ಸಿಡಿಯುವುದು ಒಳಗಿನ ಗಾಳಿಯಿಂದ ಎಂಬ ಮಾತುಂಟು. ನಿಜವಾದ ಕಾರಣ ನೀರು. 100 ಡಿಗ್ರಿಯಲ್ಲಿ ನೀರು ಆವಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಹೊರಬರಲು ದಾರಿ ಸಾಲದಿದ್ದರೆ ಗೋಡೆಯನ್ನೇ ಒಡೆಯುತ್ತದೆ.

ಹಸಿಯದು ದೇವರಿಗೆ, ಬೆಂದದ್ದು ಅಡುಗೆಗೆ

ಸುಮಾರು 450ರಿಂದ 600 ಡಿಗ್ರಿಯ ನಡುವೆ ಜೇಡಿಯ ಕಣಗಳಲ್ಲಿಯೇ ಬೆಸೆದುಕೊಂಡ ನೀರು ಬಿಟ್ಟುಹೋಗುತ್ತದೆ. ಆಮೇಲೆ ಅದು ಮತ್ತೆಂದೂ ಕೆಸರಾಗದು. ಕುಳ್ಳು, ಕಟ್ಟಿಗೆ, ಹುಲ್ಲು, ರವದಿ ಹಾಕಿ ಮೇಲೆ ಮಣ್ಣು ಮೆತ್ತಿದ ಆವಿಗೆಯ ಕಾವು ಸಾಮಾನ್ಯವಾಗಿ 600ರಿಂದ 900 ಡಿಗ್ರಿಯವರೆಗೆ ಏರುತ್ತದೆ. ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನ ಕಬ್ಬಿಣದಂಶ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ಕೂಡಿಸಿದರೆ ಮಡಕೆ ಕಪ್ಪಾಗುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ದೊರೆತ ಬೃಹತ್ ಶಿಲಾಯುಗದ ಕಪ್ಪು–ಕೆಂಪು ಮಡಕೆಗಳು ಈ ಅರಿವು ಎಷ್ಟು ಹಳೆಯದೆಂಬುದನ್ನು ತೋರಿಸುತ್ತವೆ.

ಗ್ಯಾಸ್ ಒಲೆಯಲ್ಲಾಗಲಿ, 250 ಡಿಗ್ರಿಯ ಆಸುಪಾಸಿನ ಅಡುಗೆ ಓವನ್ನಿನಲ್ಲಾಗಲಿ ಮಣ್ಣು ಬೇಯದು. ಅಂಥ ಪ್ರಯತ್ನ ಅಪಾಯಕಾರಿಯೂ ಹೌದು. ಆದರೆ ಮಕ್ಕಳ ಕೆಲಸವೆಲ್ಲ ಬೇಯಲೇಬೇಕೆಂದಿಲ್ಲ. ಎತ್ತು, ಗುಳ್ಳವ್ವ, ಗಣಪ್ಪರನ್ನು ನಮ್ಮ ಹಿರಿಯರು ಹಸಿಮಣ್ಣಿನಲ್ಲಿಯೇ ಮಾಡಿದರು. ಪೂಜೆ ಮುಗಿದ ಮೇಲೆ ಅವು ನೀರಿನಲ್ಲಿ ಕರಗಿ ಮತ್ತೆ ಮಣ್ಣಾಗುತ್ತವೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಗೆ ಕರಗದು, ಏಕೆಂದರೆ ಅದು ನೀರಿನೊಡನೆ ಕೂಡಿಯೇ ಗಟ್ಟಿಯಾದ ವಸ್ತು. ಹಸಿಯಾಗಿ ಉಳಿಸಬೇಕಾದುದನ್ನು ಮನೆಯಲ್ಲಿಯೇ ಮುಗಿಸಬಹುದು. ಪಣತಿ, ಬಟ್ಟಲುಗಳನ್ನು ದೀಪಾವಳಿಗೆ ಮುಂಚೆ ಕುಂಬಾರರು ಆವಿಗೆ ಹಾಕುವಾಗ ಅವರ ಒಪ್ಪಿಗೆ ಪಡೆದು, ತಕ್ಕ ಹಣ ಕೊಟ್ಟು ಸೇರಿಸಬಹುದು. ಬಣ್ಣದ ಗಾಜುಲೇಪದ ಮೋಹವನ್ನು ಸದ್ಯ ಬಿಡಬೇಕು: ಕಡಿಮೆ ಕಾವಿನ ಕೆಲವು ಲೇಪಗಳಲ್ಲಿ ಸೀಸವಿರುತ್ತದೆ, ಅದು ಊಟದ ಪಾತ್ರೆಗೆ ಸಲ್ಲದು.

ಬೆಂದ ಮಡಕೆಯನ್ನು ಬೆರಳಿನಿಂದ ಬಡಿದರೆ ಗಣಗಣ ಎನ್ನುತ್ತದೆ. ಬಿರುಕಿದ್ದರೆ, ಅರೆಬೆಂದಿದ್ದರೆ ಬದ್ದ ಎನ್ನುತ್ತದೆ. ತಂಬೂರಿ, ಸಿತಾರ್ ಮಾಡುವವರ ಊರಾದ ಮಿರಜಕ್ಕೆ ನಾದದ ಪರೀಕ್ಷೆ ಹೊಸದಲ್ಲ. ಈ ಸದ್ದಿನ ಸುತ್ತ ಗಡಿಯ ಎರಡೂ ಭಾಷೆಗಳಲ್ಲಿ ಕತೆಗಳಿವೆ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆ ಬಾರಿಸಿದರೆ ಶಿವನೇ ಬಂದು ಕುಣಿಯುತ್ತಾನೆ. ವಾರಕರಿ ಪರಂಪರೆಯಲ್ಲಿ ತೇರ ಗ್ರಾಮದ ಸಂತ ಗೋರಾ ಕುಂಬಾರ ತನ್ನ ಥಾಪಟಣೆಯಿಂದ, ಅಂದರೆ ಮಡಕೆ ತಟ್ಟುವ ಹಲಗೆಯಿಂದ, ಸಂತರ ತಲೆಗಳನ್ನು ತಟ್ಟಿ, ನಾಮದೇವನ ‘ಮಡಕೆ’ ಇನ್ನೂ ಹಸಿಯೆಂದು ಹೇಳುತ್ತಾನೆ.

ಶಾಲೆ, ಮನೆ ಮತ್ತು ಕುಂಬಾರಗೇರಿ

ಮಡಕೆ, ಪಣತಿ, ಕುಂಬಾರ ಎಂಬ ಮಾತುಗಳು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಹೆಚ್ಚುಕಡಿಮೆ ಒಂದೇ. ನಮ್ಮ ತಿಗರಿ ಅವರಿಗೆ ಚಾಕ, ನಮ್ಮ ಆವಿಗೆ ಅವರಿಗೆ ಆವಾ. ಕುಂಬಾರಗೇರಿಗೆ ಹೋದ ಕನ್ನಡ ಶಾಲೆಯ ಮಗು ಎರಡನ್ನೂ ಕಲಿತು ಬರಬಲ್ಲದು. ಆದರೆ ತಿಗರಿ, ಆವಿಗೆ, ಸಿಂಬಿ, ಹರವಿ, ರಂಜಣಿಗೆ ಎಂಬ ಪದಗಳನ್ನು ಪಠ್ಯಪುಸ್ತಕವೊಂದೇ ಉಳಿಸಲಾರದು. ವಸ್ತುವನ್ನು ಮುಟ್ಟದ ಮಗುವಿಗೆ ಅವು ಪರೀಕ್ಷೆಗೆ ಕಂಠಪಾಠ ಮಾಡುವ ಪದಗಳಷ್ಟೇ.

ಇದಕ್ಕೆ ಅವಕಾಶ ಈಗಾಗಲೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ 10 ದಿನಗಳ ಚೀಲರಹಿತ ಅವಧಿಯನ್ನು ಸೂಚಿಸಿ, ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು ಹೇಳುತ್ತದೆ. ಅಲ್ಲಿ ಹೆಸರಿಸಿದ ಕೆಲಸಗಳಲ್ಲಿ ಕುಂಬಾರಿಕೆಯೂ ಒಂದು. ಮಿರಜ, ಜತ್ತ ತಾಲೂಕುಗಳ ಕನ್ನಡ ಶಾಲೆಗಳ ಪಾಲಕರು ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಇದನ್ನು ಕೇಳಬಹುದು. ಇನ್ನೂ ಮುಂದೆ ಕಲಿಯಬಯಸುವ ಯುವಕರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದ್ದು, ಸಲಕರಣೆಗಾಗಿ 15,000 ರೂಪಾಯಿವರೆಗೆ ನೆರವುಂಟು. ಓಣಿಯ ಕುಂಬಾರರಿಗೆ ಅರ್ಜಿ ತುಂಬಲು ನೆರವಾಗುವುದೂ ಅವರಿಂದ ಕಲಿಯುವ ನಮ್ಮ ಕರ್ತವ್ಯವೇ.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ವಿಸ್ತರಿಸಿ ಬರೆಯುತ್ತಾರೆ. ಮಣ್ಣನ್ನು ಒಣಗಿಸಿ, ನೆನೆಸಿ, ಸೋಸಿ, ನಾದಿ, ಒಂದು ಪಣತಿಯನ್ನು ಬೇಯಿಸಿ ತಂದ ಮಗುವಿಗೆ ಆ ವರುಷದ ಅರ್ಥ ತಿಳಿದಿರುತ್ತದೆ. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತನ್ನು ಕೊಳ್ಳದೆ ಮನೆಯಲ್ಲಿಯೇ ಮಾಡೋಣ. ದೀಪಾವಳಿಯ ಹೊತ್ತಿಗೆ ಪಣತಿಯವರೆಗೆ ಬರೋಣ. ಅಷ್ಟಾದ ಮೇಲೂ ಮಗು ತಿಗರಿ ಬೇಕೆಂದರೆ, ಆಗ ಕೊಡಿಸುವುದು ಸಾರ್ಥಕ.