ಎರಡನೆಯ ಸ್ಪರ್ಶ

ಬೇತ್ಸಾಯಿದದ ಕುರುಡನ ವೃತ್ತಾಂತವನ್ನು ಮಾರ್ಕನೊಬ್ಬನೇ ದಾಖಲಿಸಿದ್ದಾನೆ (8:22-26). ಯೇಸು ಆ ಮನುಷ್ಯನ ಕೈಹಿಡಿದು ಊರ ಹೊರಗೆ ಕರೆದೊಯ್ದು, ಅವನ ಮೇಲೆ ಕೈಯಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ವಿಚಾರಿಸುತ್ತಾನೆ. ಅವನಿಗೆ ಜನರು ನಡೆದಾಡುವ ಮರಗಳಂತೆ ತೋರುತ್ತಾರೆ. ಆಗ ಕರ್ತನು ಮತ್ತೊಮ್ಮೆ ಕೈಯಿಡುತ್ತಾನೆ. ವ್ಯಾಖ್ಯಾನಕಾರರು ಈ ಎರಡು ಹಂತಗಳನ್ನು ಶಿಷ್ಯರ ಮಂದದೃಷ್ಟಿಗೆ ಅನ್ವಯಿಸುವುದು ವಾಡಿಕೆ, ಅದು ಸರಿಯೇ. ಆದರೆ ವೈದ್ಯಕೀಯ ಶುಶ್ರೂಷೆಯ ಬಗ್ಗೆ ಚಿಂತಿಸುವವರು ನಡುವಿನ ಆ ಪ್ರಶ್ನೆಯ ಬಳಿ ನಿಲ್ಲಬೇಕಾಗುತ್ತದೆ. ಗುಣಪಡಿಸಿದಾತನು ಹೊರಟುಹೋಗಲಿಲ್ಲ.

ಬಡ ದೇಶಗಳಿಗೆ ಹೋಗಿ ಉಚಿತವಾಗಿ ಕಣ್ಣಿನ ಪೊರೆ ತೆಗೆಯುವ ಪರದೇಶದ ಶಸ್ತ್ರವೈದ್ಯರ ಸೇವೆಗೆ ಈ ಪ್ರಶ್ನೆ ನೇರವಾಗಿ ತಾಗುತ್ತದೆ. ಹಳೆಯ ಶಿಬಿರಗಳಲ್ಲಿ ಮಸುಕಾದ ಮಸೂರವನ್ನು ಪೂರ್ತಿ ತೆಗೆದು, ಅದರ ಬದಲಿಗೆ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಅದರಲ್ಲಿ ವಸ್ತುಗಳು ಹಿಗ್ಗಿ ಕಾಣುತ್ತವೆ, ಅಂಚಿನ ನೋಟ ಕುಗ್ಗುತ್ತದೆ. ಬೆಟ್ಟದ ಹಾದಿಯಲ್ಲಿ ಅದು ಒಡೆದರೆ ರೋಗಿ ಮತ್ತೆ ಕುರುಡನಂತೆಯೇ. ಅಷ್ಟರಲ್ಲಿ ವೈದ್ಯರು ತಮ್ಮ ದೇಶ ಸೇರಿರುತ್ತಿದ್ದರು. ಕಣ್ಣೊಳಗೆ ಇಡುವ ಕೃತಕ ಮಸೂರವು ಆಗಲೇ ಬಳಕೆಯಲ್ಲಿದ್ದರೂ ಅದರ ಬೆಲೆ ನೂರು ಡಾಲರಿಗೂ ಮಿಗಿಲಾಗಿತ್ತು. ಬಡವರಿಗೆ ಅದು ತಕ್ಕುದಲ್ಲವೆಂಬ ಅಭಿಪ್ರಾಯವೂ ತಜ್ಞರಲ್ಲಿ ಬೇರೂರಿತ್ತು.

ಇದನ್ನು ಒಪ್ಪದವರಲ್ಲಿ ಫ್ರೆಡ್ ಹಾಲೋಸ್ ಒಬ್ಬರು. 1929ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಜನಿಸಿದ ಅವರು ಧರ್ಮಸೇವೆಗೆಂದು ಅಲ್ಲಿಯ ಸೆಮಿನರಿಯೊಂದನ್ನು ಸೇರಿದ್ದರು. ಅದನ್ನು ಬಿಟ್ಟು ವೈದ್ಯಶಾಸ್ತ್ರ ಓದಿದರು, ಕ್ರಮೇಣ ಕ್ರೈಸ್ತ ನಂಬಿಕೆಯಿಂದಲೂ ದೂರ ಸರಿದರು. 1985ರಲ್ಲಿ ನೇಪಾಳದಲ್ಲಿ ಅವರಿಗೆ ಸಂದುಕ್ ರುಯಿತ್ ಎಂಬ ತರುಣ ನೇತ್ರವೈದ್ಯರ ಪರಿಚಯವಾಯಿತು. ರುಯಿತ್ ಮುಂದೆ ಸಿಡ್ನಿಗೆ ಹೋಗಿ ಅವರ ಬಳಿ ಕಲಿತರು. 1994ರಲ್ಲಿ ಕಾಠ್ಮಂಡುವಿನಲ್ಲಿ ತಿಲ್‌ಗಂಗಾ ನೇತ್ರಕೇಂದ್ರ ಆರಂಭವಾಯಿತು. ಅಲ್ಲಿಯೇ ತಯಾರಾದ ಮಸೂರದ ಬೆಲೆ ಹತ್ತು ಡಾಲರಿಗಿಂತ ಕೆಳಗಿಳಿಯಿತು. ಎರಿಟ್ರಿಯದ ಅಸ್ಮಾರದಲ್ಲಿಯೂ ಅಂಥ ಕಾರ್ಖಾನೆ ತಲೆಯೆತ್ತಿತು. ಇವೆರಡನ್ನೂ ಕಾಣದೆ ಹಾಲೋಸ್ 1993ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ನಮ್ಮ ತರಗತಿಗಳಲ್ಲಿ ಇಂಥವರನ್ನು 'ಅನಾಮಧೇಯ ಕ್ರೈಸ್ತ'ರೆಂದು ಕರೆದು ಒಳಗೆ ಸೇರಿಸಿಕೊಳ್ಳುವ ಆತುರವುಂಟು. ತಾನಾಗಿಯೇ ಹೊರನಡೆದವರಿಗೆ ಅವರು ಕೇಳದ ಹೆಸರನ್ನು ಅಂಟಿಸುವುದು ಗೌರವವಲ್ಲವೆಂದು ನನ್ನ ಎಣಿಕೆ. ನಮ್ಮನ್ನು ಅಳುಕಿಸಬೇಕಾದ ಸಂಗತಿ ಬೇರೆಯೇ ಇದೆ. ಸಭೆಯು ಕಳುಹಿಸುವ ತಂಡಗಳು ಎಷ್ಟು ಕಣ್ಣು ತೆರೆಯಿಸಿದೆವೆಂದು ವರದಿ ಬರೆಯುತ್ತವೆ. ಹೊಲಿಗೆ ಹಾಕಿದ ಕಣ್ಣಿಗೆ ಸೋಂಕು ತಗಲಿದರೆ ಮುಂದಿನ ವಾರ ನೋಡುವವರು ಯಾರೆಂಬುದು ವರದಿಯಲ್ಲಿ ಅಪರೂಪ. ಕೊಡುವವರು ಯಾವಾಗಲೂ ನಾವೇ ಆಗಿರಬೇಕೆಂಬ ಬಯಕೆ ದಾನದೊಳಗೆ ಅಡಗಿರಬಲ್ಲದು. ಹಾಲೋಸ್ ಆ ಸ್ಥಾನವನ್ನೇ ಬಿಟ್ಟುಕೊಟ್ಟರು.

ಬಳಿಕ ರುಯಿತ್ ತಾವೇ ಪರದೇಶಕ್ಕೆ ಹೋಗುವ ಶಸ್ತ್ರವೈದ್ಯರಾದರು. ಉತ್ತರ ಕೊರಿಯದಲ್ಲಿ ಶಸ್ತ್ರಚಿಕಿತ್ಸೆ ನಡೆಸಿದಾಗ ಅಲ್ಲಿಯ ವೈದ್ಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸವನ್ನು ಕಲಿಸಿದರು.